ಹಗುರ ಕಬ್ಬಿಣ

ಮಾರ್ಚ್ ೯, ಭಾನುವಾರ

ಪ್ರೀತಿಯ ಕಡ್ಡಿಗೆ,

ನಿನ್ನ ಡ್ರಮ್ಮು ಮಾಡುವ ನಮಸ್ಕಾರಗಳು. "ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ" ಎಂದು ಬರೆಯಲು ಹೊರಟು ಅಲ್ಲೇ ನಿಲ್ಲಿಸಿದೆ. ನೀನು ಕ್ಷೇಮವಾಗಿಲ್ಲ ಎಂದು ನಿನ್ನ ತಂಗಿ ಹೇಳಿದ್ದಾಳೆ. ಗೊತ್ತಿದ್ದೂ ಸುಳ್ಳು ನಂಬಿಕೆ ಇಟ್ಟುಕೊಳ್ಳುವ ವಯಸ್ಸು ನಮ್ಮದಲ್ಲ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೈಯಬೇಡ. ನನ್ನ ಬಲಭುಜದ ಪುರಾಣ ನಿನಗೆ ಗೊತ್ತೇ ಇದೆ. ಪೆನ್ನು ಹಿಡಿದರೆ ಮೊದಲ ಸಾಲು ನನ್ನ ಅಕ್ಷರದಂತಿರುತ್ತಿತ್ತು, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕೋಳಿ ಕೆದರಿದಂತೆ ಆಗುತ್ತಿತ್ತು. ಈಗ ನೋಡು, ಎಷ್ಟು ನೆಟ್ಟಗಿದೆ. ಅದನ್ನು ತೋರಿಸಿಕೊಳ್ಳುವುದಕ್ಕೂ ಈ ಕಾಗದ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲವಲ್ಲ! ಸಿಟ್ಟು ಬಂದರೆ ಹರಿದು ಹಾಕುತ್ತೀಯೇನೋ. ಹರಿಯುವುದಕ್ಕಾದರೂ ಮಂಚದ ಮೇಲೆ ಎದ್ದು ಕೂರಬೇಕಾಗುತ್ತದೆ. ಅಷ್ಟಾದರೂ ನನಗೆ ಲಾಭವೇ.

ಕೊನೆಯ ಸಲ ಮಾತಾಡಿದಾಗ ನೀನು ಅಂದದ್ದು ಕಿವಿಯಲ್ಲೇ ಇದೆ. "ನಿನಗೇನೇ, ಭುಜ ಸರಿಹೋದ್ರೆ ಮತ್ತೆ ಲಾಂಡ್ರಿಗೆ ಹೋಗ್ತೀಯ, ಟ್ರಾಲಿ ತಳ್ತೀಯ. ನನಗೆ ಬೆನ್ನೇ ಹೋಯ್ತು, ಇನ್ಮೇಲೆ ಭಾರ ಮುಟ್ಟಲೇಬೇಡ ಅಂದಿದಾರೆ. ಎತ್ತೋ ಕೆಲಸಾನೇ ಇಲ್ಲ ಅಂದ್ಮೇಲೆ ಈ ಮೈ ಇಟ್ಕೊಂಡು ನಾನೇನು ಮಾಡ್ಲಿ?" ಅಂದೆ. ಅಂದು ಫೋನಿಟ್ಟೆ. ಆವತ್ತಿನಿಂದ ಮಲಗಿದವಳು ಮಲಗಿಯೇ ಇದ್ದೀಯಂತೆ. ಹೀಗೇ ಮಲಗಿದ್ದರೆ ಕಾಲಿನ ಶಕ್ತಿ ಇಳಿದುಹೋಗುತ್ತದೆ, ಆಮೇಲೆ ಬಚ್ಚಲಿಗೂ ಇಬ್ಬರು ಹಿಡಿದುಕೊಂಡು ಹೋಗಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರೂ ನೀನು ಗೋಡೆಯ ಕಡೆ ತಿರುಗಿಕೊಂಡೆಯಂತೆ. ನಿನ್ನ ತಂಗಿ ಹೇಳುತ್ತಾ ಅತ್ತಳು. ನಾನು ಅಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹೋಟೆಲಿನ ನೆಲಮಾಳಿಗೆಯ ಆ ಲಾಂಡ್ರಿಯಲ್ಲಿ ಇಷ್ಟು ವರ್ಷ ನನ್ನ ಜೊತೆ ಒದ್ದೆ ಬೆಡ್‌ಶೀಟು ಎತ್ತಿದವಳು, ಸೂಪರ್‌ವೈಸರ್ ಎದುರು ಸೊಂಟಕ್ಕೆ ಕೈಯಿಟ್ಟು ನಿಂತವಳು, ಗೋಡೆಯ ಕಡೆ ತಿರುಗಿಕೊಳ್ಳುವುದೇ?

ಸರಿ, ಬೈಗುಳ ಇಲ್ಲಿಗೆ ಸಾಕು. ಈಗ ನನ್ನ ಸಾಹಸ ಕೇಳು. ನಾನು ಜಿಮ್ಮಿಗೆ ಸೇರಿದ್ದೇನೆ.

ನಕ್ಕೆಯಾ? ನಗು. ನಮ್ಮನೆಯವರೂ ನಕ್ಕರು. ಬಸ್ಸು ಓಡಿಸುವ ಮನುಷ್ಯ, ದಿನವೂ ನೂರಾರು ಮುಖ ನೋಡುತ್ತಾರೆ, ಇಂಥ ಸುದ್ದಿಗೆ ನಗಬಾರದೆಂದು ಅವರಿಗೆ ತಿಳಿಯಲಿಲ್ಲ. ವ್ಯಾಯಾಮ ಹೇಳಿಕೊಡುತ್ತಿದ್ದ ಫಿಸಿಯೋ ಡಾಕ್ಟರಮ್ಮನೇ ಕಳಿಸಿದ್ದು. "ನೋವು ಕಮ್ಮಿ ಆಗಿದೆ, ಇನ್ನು ಭುಜದ ಸುತ್ತ ಮಾಂಸ ಕಟ್ಟಬೇಕು. ಗೊತ್ತಿರೋರ ಹತ್ರ ಹಗುರವಾಗಿ ಶುರು ಮಾಡಿ" ಅಂದರು. ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿರುವ ಜಿಮ್ಮು. ನಮ್ಮನೆಯವರ ಹಳೆಯ ಅಂಗಿ ತೊಟ್ಟು, ಟ್ರ್ಯಾಕ್ ಪ್ಯಾಂಟು ಏರಿಸಿಕೊಂಡು ಮೆಟ್ಟಿಲು ಹತ್ತಿದೆ. ಒಳಗೆ ಗೋಡೆತುಂಬ ಕನ್ನಡಿ. ಯಾವ ಕಡೆ ತಿರುಗಿದರೂ ನಾನೇ. ಒಂದು ಡ್ರಮ್ಮು ಸಾಲದೆಂದು ನಾಲ್ಕು ನಾಲ್ಕು ಡ್ರಮ್ಮುಗಳು! ಅವುಗಳ ಮಧ್ಯೆ ಕತ್ತೇ ಕಾಣದಂಥ ಹುಡುಗರು, ಕಬ್ಬಿಣ ಎತ್ತುತ್ತಾ ಹೆರಿಗೆ ವಾರ್ಡಿನಲ್ಲಿ ಕೂಗುವ ಹಾಗೆ ಕೂಗುತ್ತಿದ್ದರು.

ಕೋಚ್ ಒಬ್ಬಳು ಚಿಕ್ಕ ಹುಡುಗಿ. ಕೈಗೆ ಗುಲಾಬಿ ಬಣ್ಣದ ಡಂಬೆಲ್ ಕೊಟ್ಟಳು. ನನಗೆ ಅವಮಾನವಾಯಿತು ಕಣೇ. ನಮ್ಮ ಸೋಪಿನ ಪುಡಿಯ ಡಬ್ಬ ಅದಕ್ಕಿಂತ ಭಾರ. "ಏನಮ್ಮಾ, ಮಕ್ಕಳ ಆಟದ ಸಾಮಾನು ಕೊಟ್ಟಿದೀಯ. ನಾನು ಏನೇನು ಎತ್ತಿದವಳು ಗೊತ್ತಾ?" ಅಂದೆ.

"ಗೊತ್ತು, ಅದಕ್ಕೇ ಇಲ್ಲಿಗೆ ಬಂದಿದೀರ" ಅಂದಳು! ಬಾಯಿ ನೋಡು! "ಎತ್ತಿ, ಆದ್ರೆ ನಿಧಾನ. ಮೇಲಕ್ಕೆ ನಿಧಾನ, ಕೆಳಕ್ಕೆ ಇನ್ನೂ ನಿಧಾನ. ಸಾಕು ಅನ್ನಿಸಿದ್ಮೇಲೂ ಎರಡು ಮೂರು ಸಲ."

ಶುರುವಿನಲ್ಲಿ ಗಾಳಿ ಎತ್ತಿದಂತೆ ಇತ್ತು. ಆಮೇಲೆ ಆಟದ ಸಾಮಾನಿಗೆ ತೂಕ ಬಂತು. ಇನ್ನಷ್ಟು ಹೊತ್ತಾದ ಮೇಲೆ ಅದೇ ಗುಲಾಬಿ ಡಂಬೆಲ್ ನನ್ನ ತೋಳನ್ನು ಗಡಗಡ ನಡುಗಿಸಿಬಿಟ್ಟಿತು. ಮುಖ ಕೆಂಪಾಗಿ ನಾನೂ ಕೂಗಿದೆ. ಆ ಹುಡುಗರೆಲ್ಲ ತಿರುಗಿ ನೋಡಿದರು. ಕೋಚ್ ಹೇಳಿದಳು, "ಸ್ನಾಯುಗೆ ಅಂಕಿ ಓದೋಕೆ ಬರಲ್ಲಮ್ಮ. ನೀವು ಎಷ್ಟು ಕೆಜಿ ಎತ್ತಿದ್ರಿ ಅಂತ ಅದಕ್ಕೆ ಗೊತ್ತಾಗಲ್ಲ, ಸುಸ್ತಾಯ್ತು ಅನ್ನೋದು ಗೊತ್ತಾಗುತ್ತೆ. ಹಗುರದಲ್ಲೇ ಸುಸ್ತು ಮಾಡಿಸಿದ್ರೂ ಬೆಳೆಯುತ್ತೆ, ಕೀಲಿಗೂ ಪೆಟ್ಟು ಬೀಳಲ್ಲ."

ನೋವಿನಲ್ಲಿ ಎರಡು ಜಾತಿ ಇರುವುದನ್ನೂ ಅವಳೇ ಕಲಿಸಿದಳು. ತೋಳಿನ ಮಾಂಸದಲ್ಲಿ ಉರಿ ಬಂದರೆ ಬರಲಿ, ಅದು ಕೆಲಸ ನಡೆಯುತ್ತಿರುವ ಉರಿ. ಕೀಲಿನಲ್ಲಿ ಚುಚ್ಚಿದರೆ ಆ ಕ್ಷಣವೇ ಕೆಳಗಿಡಬೇಕು. ತಲೆಯ ಮೇಲೆ ಎತ್ತಿದರೆ ನನಗೆ ಚುಚ್ಚುತ್ತಿತ್ತು. "ತಲೆ ಮೇಲೆ ಬೇಡ, ಎದೆಮಟ್ಟ ಸಾಕು" ಎಂದು ಅದನ್ನು ತೆಗೆದೇ ಹಾಕಿದಳು, ರಬ್ಬರ್ ಪಟ್ಟಿ ಎಳೆಯಲು ಕೊಟ್ಟಳು. ನಾವಿಬ್ಬರೂ ಜೀವಮಾನವಿಡೀ ಎರಡನ್ನೂ ಒಂದೇ ಎಂದುಕೊಂಡು ನುಂಗಿಕೊಂಡೆವಲ್ಲೇ! ಚುಚ್ಚಿದಾಗೆಲ್ಲ ಮುಲಾಮು ಹಚ್ಚಿಕೊಂಡು ಮತ್ತೆ ಎತ್ತಿದೆವು. ಯಾರೂ ನಿಲ್ಲಿಸು ಅನ್ನಲಿಲ್ಲ.

ನನ್ನ ಪಕ್ಕದ ಬೆಂಚಿನವನು ಫೈರ್ ಸರ್ವಿಸಿನ ಮನುಷ್ಯ. ಬಾಗಿಲಿನಷ್ಟು ಅಗಲ. ಉರಿಯುವ ಕಟ್ಟಡದಿಂದ ಜನರನ್ನು ಹೆಗಲ ಮೇಲೆ ಹೊತ್ತು ತಂದವನು, ಈಗ ಮೊಣಕಾಲು ಕೆಟ್ಟಿದೆ. ಅವನ ವ್ಯಾಯಾಮ ಏನು ಗೊತ್ತೇ? ಕುರ್ಚಿಯಿಂದ ಏಳುವುದು, ಕೂರುವುದು, ಏಳುವುದು. "ಅಕ್ಕಾ, ಒಂದು ವರ್ಷದ ಮಗು ಪುಕ್ಕಟೆ ಕಲಿತದ್ದನ್ನ ನಾನು ಫೀಸು ಕೊಟ್ಟು ಕಲೀತಿದೀನಿ" ಅನ್ನುತ್ತಾನೆ. ನಾವಿಬ್ಬರೂ ಸೇರಿದರೆ ಕೋಚ್‌ಗೆ ಕೆಲಸ ಮಾಡಿಸುವುದೇ ಕಷ್ಟ, ಅಷ್ಟು ಮಾತು.

ಚಹಾ ಕುಡಿದು ಬಂದೆ. ಎಲ್ಲಿದ್ದೆ? ಹಾಂ, ಮಾಂಸ ಬಂದದ್ದು. ದಿನಾ ಬೆಳಿಗ್ಗೆ ಮೊಟ್ಟೆ ತಿಂದು, ಒಂದು ದಿನ ಬಿಟ್ಟು ಒಂದು ದಿನ ಹೋಗಿ, ಎರಡು ತಿಂಗಳು ಕಳೆದಿರಬೇಕು. ನಾನು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದೆ. ನಮ್ಮನೆಯವರು ಹಿಂದಿನಿಂದ ಬಂದು ತೋಳು ಹಿಡಿದು, ಗಾಬರಿಯಿಂದ, "ಇದೇನೇ ಇಲ್ಲಿ ಗಂಟು? ಯಾವಾಗಿಂದ ಇದೆ? ಮೊದ್ಲು ಡಾಕ್ಟರಿಗೆ ತೋರಿಸು" ಅಂದರು. ಅದು ಗಂಟಲ್ಲ ರೀ, ನನ್ನ ಸ್ನಾಯು! ನಾನು ತೋಳು ಮಡಚಿ ತೋರಿಸಿದೆ. ಅವರು ಒತ್ತಿ ನೋಡಿದರು, ತಮ್ಮ ತೋಳು ಒತ್ತಿಕೊಂಡು ನೋಡಿದರು, ಹೋಗಿ ಪೇಪರು ಓದುತ್ತಾ ಕೂತರು. ಈಗ ಅವರೂ ಮೊಟ್ಟೆ ತಿನ್ನಲು ಶುರುಮಾಡಿದ್ದಾರೆ.

ಸುಖ ಹೆಚ್ಚಾದರೆ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ ಎಂದು ನಿನಗೆ ಗೊತ್ತಲ್ಲ. ಹೋದ ತಿಂಗಳು ಒಂದು ಸಂಜೆ ವ್ಯಾಯಾಮ ಮುಗಿಸಿ ಹೊರಟಿದ್ದೆ. ಜಿಮ್ಮಿನ ಬಚ್ಚಲ ಬಾಗಿಲಲ್ಲಿ ಒಂದು ಟಬ್ಬು ತುಂಬ ನೆನೆಸಿಟ್ಟ ಟವೆಲು, ದಾರಿಗೆ ಅಡ್ಡ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಅದನ್ನೇ ನಾನೂ ಮಾಡಿದೆ. ಕೈ ತಾನಾಗಿ ಹೋಯಿತು. ಬಗ್ಗಿ, ಎರಡೂ ಕಿವಿ ಹಿಡಿದು, ಒಂದೇ ಉಸಿರಿಗೆ ಎತ್ತಿ ಪಕ್ಕಕ್ಕೆ ತಿರುಗಿಸಿದೆ. ಭುಜದೊಳಗೆ ಕತ್ತರಿ ಆಡಿದ ಹಾಗಾಯಿತು. ಟಬ್ಬು ಬಿತ್ತು, ಟವೆಲೆಲ್ಲ ನೆಲದ ಮೇಲೆ, ನಾನು ಅದರ ಮೇಲೆ.

ಕೋಚ್ ಓಡಿ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಅಮ್ಮಾ, ಕಬ್ಬಿಣ ಮುಟ್ಟೋಕೆ ಮುಂಚೆ ಪ್ರತಿ ಸಲ ನನ್ನ ಕೇಳ್ತೀರ. ಇದನ್ನ ಎತ್ತೋಕೆ ಯಾಕೆ ಕೇಳಲಿಲ್ಲ?" ಅಂದಳು.

"ಅದು ಬಟ್ಟೆ ಅಲ್ವೇನಮ್ಮ" ಅಂದೆ.

ನಿಜವಾಗಿಯೂ ಅಷ್ಟೇ ಹೊಳೆದದ್ದು ನನಗೆ. ಕಬ್ಬಿಣ ಅಂದರೆ ಭಾರ, ಬಟ್ಟೆ ಅಂದರೆ ಬಟ್ಟೆ. ಫೈರ್ ಸರ್ವಿಸಿನವನು ನೆಲದ ಮೇಲೆ ಕೂತು ಟವೆಲು ಹಿಂಡುತ್ತಾ ನಕ್ಕ, ನಾನೂ ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕೆ. ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಮತ್ತೆ ಸ್ಕ್ಯಾನ್ ಮಾಡಿಸಿಕೊಂಡು ಬಂದೆ. ಡಾಕ್ಟರು ಏನೇನೋ ಹೇಳಿದರು, ಅದಿರಲಿ. ಭುಜಕ್ಕೆ ಪೂರ್ತಿ ವಿಶ್ರಾಂತಿ, ಕಾಲಿನ ವ್ಯಾಯಾಮ ಮಾತ್ರ ಎಂದು ಸ್ವಲ್ಪ ದಿನ ಕಳೆಯಿತು. ಈಗ ಮತ್ತೆ ಗುಲಾಬಿ ಡಂಬೆಲಿನಿಂದಲೇ ಶುರು. ಈ ಸಲ ಅವಮಾನವೇನೂ ಆಗಲಿಲ್ಲ.

ಮೊನ್ನೆ ಮನೆಯಲ್ಲಿ ದೊಡ್ಡ ಬೆಡ್‌ಶೀಟು ಮಡಚಲು ನಮ್ಮನೆಯವರನ್ನು ಕರೆದೆ. ಆ ಪುಣ್ಯಾತ್ಮರು ಎರಡು ಮೂಲೆ ಹಿಡಿದು ಸ್ಟೀರಿಂಗ್ ತಿರುಗಿಸಿದ ಹಾಗೆ ತಿರುಗಿಸಿದರು! ಹಗ್ಗ ಆಯಿತು. "ಮುಂದೆ ಬನ್ನಿ" ಅಂದರೆ ಹಿಂದೆ ಹೋಗುತ್ತಾರೆ. ನೀನೂ ನಾನೂ ಮುಂದೆ ಹಿಂದೆ ಎಂದು ಹೇಳಿಕೊಳ್ಳದೆ, ಬೇರೆ ಯಾರದೋ ಮನೆ ಸುದ್ದಿ ಮಾತಾಡುತ್ತಾ, ಎರಡು ಹೆಜ್ಜೆ ಮುಂದೆ ಬಂದು ಮೂಲೆ ಕೊಟ್ಟು ತೆಗೆದುಕೊಂಡು ಮಡಚುತ್ತಿದ್ದೆವಲ್ಲ. ನೀನಿಲ್ಲದೆ ನನಗೆ ಬಹಳ ಬೇಜಾರಾಗುತ್ತದೆ.

ಈಗ ಮುಖ್ಯ ವಿಷಯ. ಕೋಚ್ ಹತ್ತಿರ ನಿನ್ನ ಬೆನ್ನಿನ ಕಥೆಯನ್ನೆಲ್ಲ ಹೇಳಿದೆ. "ನೋಡದೆ ನಾನೇನೂ ಹೇಳಲ್ಲ, ಅವರ ಡಾಕ್ಟರನ್ನ ಕೇಳ್ಲಿ" ಎಂದು ಮೊದಲು ಖಡಾಖಂಡಿತವಾಗಿ ಅಂದಳು. ನಿನ್ನ ತಂಗಿಗೆ ಫೋನು ಮಾಡಿ ಡಾಕ್ಟರನ್ನು ಕೇಳಿಸಿದೆ. ಅವರು ಒಪ್ಪಿದ್ದಾರೆ. ಭಾರ ಮುಟ್ಟಬೇಡ ಅಂದದ್ದೇ ಹೊರತು ಅಲ್ಲಾಡಬೇಡ ಅಂದಿಲ್ಲವಂತೆ, ತಾಯಿ! ಎತ್ತರದ ಕುರ್ಚಿಯಿಂದ ಏಳುವುದು, ಕೂರುವುದು. ಗೋಡೆಗೆ ಅಂಗೈ ಕೊಟ್ಟು ತಳ್ಳುವುದು. ಬೆನ್ನಿನಲ್ಲಿ ಚುಚ್ಚಿದರೆ ನಿಲ್ಲಿಸುವುದು, ತೊಡೆ ಉರಿದರೆ ಉರಿಯಲಿ. ಗೋಡೆಯ ಕಡೆ ತಿರುಗಿಕೊಳ್ಳುವುದು ನಿನಗೆ ಹೇಗೂ ಅಭ್ಯಾಸವಾಗಿದೆ, ಇನ್ನು ಅದನ್ನು ತಳ್ಳುವುದೊಂದು ಬಾಕಿ. ಪಕ್ಕದಲ್ಲಿ ನಿಲ್ಲಲು ನಿನ್ನ ತಂಗಿ ಸಿದ್ಧ.

ಕಾಗದ ಮುಗಿಯುತ್ತಾ ಬಂತು, ತೋಳೂ ಸಣ್ಣಗೆ ಉರಿಯುತ್ತಿದೆ, ಒಳ್ಳೆಯ ಜಾತಿಯ ಉರಿ. ನಿನ್ನ ಬೆನ್ನು ಗಟ್ಟಿಯಾಗಲಿ, ಕಾಲಿಗೆ ಮೊದಲಿನ ಜೋರು ಬರಲಿ, ನಾಲಿಗೆ ಮಾತ್ರ ಈಗಿರುವಷ್ಟೇ ಇರಲಿ, ಅದಕ್ಕೆ ಇನ್ನು ಶಕ್ತಿ ಬೇಡ. ನಿನ್ನ ತಂಗಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು.

ಎಂದೆಂದಿಗೂ ನಿನ್ನ,
ಡ್ರಮ್ಮು

ಮ.ಸೂ.: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಡಾಕ್ಟರು ಹೇಳಿದ್ದನ್ನು "ಅದಿರಲಿ" ಎಂದು ದಾಟಿಸಿದೆನಲ್ಲ, ನಿನ್ನ ಹತ್ತಿರ ಹಾಗೆ ದಾಟಿಸಲು ಆಗುತ್ತಿಲ್ಲ. ಇನ್ನು ಟ್ರಾಲಿ ತಳ್ಳಬಾರದು, ಒದ್ದೆ ಬಟ್ಟೆ ಎತ್ತಬಾರದು ಅಂದರು. "ಸ್ವಲ್ಪ ದಿನಾನಾ ಸಾರ್?" ಎಂದು ಕೇಳಿದೆ. "ಸ್ವಲ್ಪ ದಿನಕ್ಕಲ್ಲಮ್ಮ" ಅಂದರು. ಲಾಂಡ್ರಿಯಲ್ಲಿ ನನ್ನ ಜಾಗಕ್ಕೆ ಬೇರೆಯವಳು ಬಂದಾಯಿತು. ಹಾಗಾಗಿ, ನೀನು ಅಂದುಕೊಂಡ ಹಾಗೆ ನಾನು ಎಲ್ಲಿಗೂ ವಾಪಸು ಹೋಗುತ್ತಿಲ್ಲ ಕಣೇ. ನೀನು ಎಲ್ಲಿದ್ದೀಯೋ ನಾನೂ ಅಲ್ಲೇ ಇದ್ದೇನೆ.

ಆ ದಿನ ಆಸ್ಪತ್ರೆಯಿಂದ ಮನೆಗೆ ಹೋಗಲು ಮನಸ್ಸಾಗದೆ ಸೀದಾ ಜಿಮ್ಮಿಗೆ ಹೋಗಿ ಬೆಂಚಿನ ಮೇಲೆ ಕೂತೆ. ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಯನ್ನೇ ಕೇಳಿಕೊಂಡೆ, ಇನ್ನು ಈ ಮೈ ಯಾಕೆ ಎಂದು. ಸುಮ್ಮನೆ ಕೂರಲಾರದೆ ಎದ್ದೆ, ಕೂತೆ, ಎದ್ದೆ, ಫೈರ್ ಸರ್ವಿಸಿನವನ ಹಾಗೆ. ಕಾಲು ನಡುಗುವವರೆಗೂ ಮಾಡಿದೆ, ಅಳುತ್ತಲೇ ಮಾಡಿದೆ. ಹೋಟೆಲಿಗೆ ಬೇಡವಾದರೆ ಬೇಡ, ಈ ಮೈ ನನಗೆ ಬೇಕು ಅನ್ನಿಸಿತು. ನಿನ್ನದೂ ನನಗೆ ಬೇಕು.

ಒಂದೇ ಒಂದು ಸಾಲು ಉತ್ತರ ಬರಿ. ಕೂತುಕೊಂಡು ಬರಿ. ಮಲಗಿ ಬರೆದರೆ ನಿನ್ನ ಅಕ್ಷರದಲ್ಲೇ ನನಗೆ ಗೊತ್ತಾಗುತ್ತದೆ.