ರಿಯಾಯಿತಿ ಟಿಕೆಟ್

ಕಡೂರು
ಶುಕ್ರವಾರ

ತೀರ್ಥೇಶಣ್ಣನಿಗೆ,

ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಈ ಪತ್ರ. ಓದಿ ಹರಿದುಹಾಕು.

ಡಾಕ್ಟರು ಸಿಗುವುದು ಬುಧವಾರ, ಬೆಂಗಳೂರಿಗೆ ಎಲ್ಲಕ್ಕಿಂತ ಕಡಿಮೆ ಚಾರ್ಜಿನ ರೈಲು ವಿಚಾರಿಸು ಎಂದು ನೀನು ಹೇಳಿದ್ದೆಯಲ್ಲ. ಕ್ಯಾನ್ಸರ್ ಇರುವವರಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಫಾರಂ ತೋರಿಸಬೇಕು. ಫಾರಂ ನನ್ನ ಬ್ಯಾಗಿನಲ್ಲೇ ಇತ್ತು. ಆದರೆ ಅಮ್ಮ ಹಠ ಮಾಡಿ ಸ್ಟೇಷನ್ನಿಗೆ ಬಂದಿದ್ದಳು. ಅವಳಿಗೆ ನಾವು ಹೇಳಿರುವುದು ಹೊಟ್ಟೆಯಲ್ಲಿ ಹುಣ್ಣು ಅಂತ ತಾನೆ? ನಾನು ಕಿಟಕಿಯಲ್ಲಿ ಎರಡು ಫುಲ್ ಟಿಕೆಟ್ ಕೇಳಿದೆ.

ಹಿಂದಿನಿಂದ ಅಮ್ಮ, "ಸುಮ್ನೆ ಯಾಕೆ ದಂಡ? ಬ್ಯಾಗಲ್ಲಿರೋ ಆ ಕಾಗ್ದ ಕೊಡೇ" ಅಂದಳು.

ಅಕ್ಷರ ಬಾರದವಳಿಗೆ ಅದನ್ನು ಯಾರು ಓದಿ ಹೇಳಿದರೋ, ಯಾವಾಗ ಹೇಳಿದರೋ. ನಾನು ಕೇಳಲಿಲ್ಲ. ಫಾರಂ ಕೊಟ್ಟೆ.

ಮನೆಗೆ ಬರುವಾಗ ಆಟೋದಲ್ಲಿ ಅವಳು ಆಡಿದ್ದು ಇಷ್ಟೇ: "ನಿಮ್ಮಣ್ಣಂಗೆ ಹೇಳ್ಬೇಡ ಕಣೇ. ನಂಗೆ ಗೊತ್ತು ಅಂತ ತಿಳಿದ್ರೆ ಅವ್ನು ತಡ್ಕೊಳಲ್ಲ. ಅವ್ನ ಮುಂದೆ ಹುಣ್ಣು ಅಂತ್ಲೇ ಇರ್ಲಿ."

ಹೂಂ ಅಂದೆ. ಆದರೆ ಇದನ್ನು ಒಬ್ಬಳೇ ಇಟ್ಟುಕೊಳ್ಳುವುದು ನನ್ನಿಂದ ಆಗುತ್ತಿಲ್ಲ.

ಬುಧವಾರ ನಮ್ಮನ್ನು ರೈಲು ಹತ್ತಿಸಲು ಅಜ್ಜಂಪುರದಿಂದ ಸ್ಟೇಷನ್ನಿಗೆ ಬರುವಾಗ ಅವಳಿಗೊಂದು ಶಾಲು ತಾ. ಎಂದಿನ ಹಾಗೆ, "ಹುಣ್ಣು ಹೆಂಗೈತಮ್ಮ?" ಅಂತಲೇ ಕೇಳು.

ಟಿಕೆಟ್ ಎಷ್ಟಾಯಿತು ಅಂತ ಮಾತ್ರ ಅವಳ ಮುಂದೆ ಕೇಳಬೇಡ.

ನಿನ್ನ ತಂಗಿ,
ಗಗನಾ