ಬೋಳು ಕೊರಳಿನ ಹ್ಯಾಟೆ

ಉರಿಮಾಸ, ಶುದ್ಧ ಪಂಚಮಿ, ೨೩೧೧
ಕೃಷ್ಣೆಯ ದಂಡೆ, ರಾಯಚೂರು ಸೀಮೆ

ಮುನ್ನೂರು ವರ್ಷ ಹಿಂದಿನ ನಮ್ಮ ಹಿರಿಯರಿಗೆ ಹಂಪಮ್ಮನ ಶರಣು.

ಇಂಥ ತಿಂಗಳು ನಿಮ್ಮ ಪಂಚಾಂಗದಲ್ಲಿ ಇಲ್ಲವೆಂದು ಬಲ್ಲೆ. ವೈಶಾಖದ ಬಿಸಿಲು ವೈಶಾಖದಲ್ಲಿ ಮುಗಿಯದಾದಾಗ ನಮ್ಮವರು ಒಂದು ತಿಂಗಳನ್ನೇ ಹೆಚ್ಚಿಗೆ ಸೇರಿಸಿಕೊಂಡರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಮಾತೂ ನಮಗೆ ಹಾಗೆಯೇ ಕೇಳುತ್ತದೆ.

ನಮ್ಮೂರಿನಲ್ಲಿ ಎಲ್ಲರೂ ಸಾಕುವುದು ಅಚ್ಚುಕೋಳಿ. ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಒಂದೇ ಬಿಳುಪು, ಒಂದೇ ತೂಕ, ಒಂದೇ ಕೂಗು. ಅದಕ್ಕೇ ಆ ಹೆಸರು. ಒಂದಕ್ಕೆ ರೋಗ ಬಂದರೆ ಎಲ್ಲವೂ ಸಾಯುತ್ತವೆ, ಅಷ್ಟು ಒಗ್ಗಟ್ಟು. ಜವಾರಿ ಕೋಳಿ ಉಳಿದಿರುವುದು ನನ್ನ ಅಂಗಳದಲ್ಲಿ ಮಾತ್ರ. ಒಂದಕ್ಕೆ ತಲೆಯ ಮೇಲೆ ಜುಟ್ಟು, ಒಂದರ ಗರಿ ಗುಂಗುರು, ಒಂದರ ಕಾಲು ಹಳದಿ, ಅದರ ತಂಗಿಯದು ಹೊಗೆಬಣ್ಣ. ಒಂದೇ ಕಾವಿನಲ್ಲಿ ಎದ್ದ ಮರಿಗಳಿಗೆ ಇಷ್ಟು ಬಗೆ ಏಕೆ ಎಂದು ನೋಡುತ್ತ ಕೂತರೆ ನೆರಳುಹೊತ್ತು, ಅಂದರೆ ಯಾರೂ ಹೊರಗೆ ಕಾಲಿಡಬಾರದ ಮಧ್ಯಾಹ್ನ, ಸರಿದದ್ದೇ ತಿಳಿಯುವುದಿಲ್ಲ.

ಅವುಗಳಲ್ಲಿ ಒಂದು ಹ್ಯಾಟೆಗೆ, ಅಂದರೆ ಹೆಣ್ಣುಕೋಳಿಗೆ, ಕೊರಳಲ್ಲಿ ಗರಿಯೇ ಮೂಡಲಿಲ್ಲ. ನೆರೆಯವರು ಕಜ್ಜಿ ಎಂದರು. ನಮ್ಮತ್ತೆ ಮಲ್ಲಮ್ಮನಿಗೆ ಮಾತ್ರ ಹಳೆಯ ಹೆಸರು ನೆನಪಿತ್ತು: ಬೋಳಿ. ನಿಮ್ಮ ಕಾಲದಲ್ಲಿ ಅದು ಗಂಡ ಸತ್ತವಳಿಗೆ ಬೈಗುಳವಂತೆ. ಕಾಲ ಬದಲಾಯಿತು, ಬೈಗುಳ ಬದಲಾಗಲಿಲ್ಲ. "ಮುಂಜಾನೆದ್ದು ಬೋಳಿ ಮಾರಿ ನೋಡಬಾರದವ್ವ, ಹಬ್ಬಕ್ಕ ಮೊದಲ ಇದನ್ನ ಕೊಯ್ಯಿ" ಎಂದು ಅತ್ತೆ ಹಟ ಹಿಡಿದರು. ಅವರ ಅತ್ತೆಯೂ ಹಾಗೆಯೇ ಮಾಡುತ್ತಿದ್ದರಂತೆ. ಹೆಸರು ಕೆಟ್ಟದ್ದೆಂದು ಆ ತಳಿಯೇ ಎಲ್ಲಕ್ಕಿಂತ ಮೊದಲು ಸಾರಿನ ಗಡಿಗೆ ಸೇರಿತ್ತು. ನನಗೆ ಕುತೂಹಲ ತಡೆಯದೆ ಇವತ್ತು ನಾಳೆ ಎಂದು ದೂಡಿದೆ.

ಅಷ್ಟರಲ್ಲಿ ಆ ವರ್ಷದ ಉರಿಮಾಸ ಬಂತು. ಅಚ್ಚುಕೋಳಿಗಳು ಬಾಯಿ ತೆರೆದು ಬಿದ್ದವು. ನನ್ನ ಜುಟ್ಟಿನವೂ ಸೋತವು. ಅವಳು ಮಾತ್ರ ಬರಿಗೊರಳಿಗೆ ಗಾಳಿ ಆಡಿಸಿಕೊಂಡು, ಬೂದಿಯಲ್ಲಿ ಹೊರಳಾಡಿ, ಮೊಟ್ಟೆ ಇಟ್ಟು, ಊರಿಗೆಲ್ಲ ಕೇಳುವಂತೆ ಕೂಗಿದಳು. ಅತ್ತೆ ಬಾಗಿಲಲ್ಲೇ ನಿಂತು ನೋಡಿ, "ಇರ್ಲಿ ಬಿಡವ್ವ, ಮಾರ್ಯಾಗ ಏನೈತಿ" ಎಂದರು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಈಗ ಅವಳಿಗೆ ವಯಸ್ಸಾಗಿದೆ, ಮೊಟ್ಟೆ ನಿಂತಿದೆ. ಬದುಕಿದ ಮರಿಗಳಲ್ಲಿ ಒಂದರ ಕೊರಳೂ ಬೋಳಾಗಲಿಲ್ಲ. ಇನ್ನು ಅಂಥದ್ದು ನಮ್ಮಲ್ಲಿ ಇರಬೇಕಾದರೆ ಅದನ್ನು ನೀವೇ ಉಳಿಸಿರಬೇಕು. ನಿಮ್ಮ ಅಂಗಳದಲ್ಲಿ ಅಂಥ ಹ್ಯಾಟೆಯಿದ್ದರೆ, ಕಾವಿಗೆ ಕೂರಿಸುವಾಗ ಅವಳ ಮೊಟ್ಟೆಯನ್ನೂ ಇಡಿ. ಬೇರೆ ಹೆಸರಿಟ್ಟು ಕರೆಯಿರಿ; ನಾವು ತಂಗಾಳಿ ಎನ್ನುತ್ತೇವೆ. ಬೀಗರು ಬಂದ ದಿನ, ದಯವಿಟ್ಟು, ಸಾರಿಗೆ ಬೇರೆ ಕೋಳಿ ಹಿಡಿಯಿರಿ.