ಬಲಗನ್ನಡಿ

ಮಾರ್ಚ್ ೧೨, ಗುರುವಾರ

ಬಿಡಿಭಾಗ ಜೋಡಿಸಿ ಕಟ್ಟುವ ಹೊಸ ಕಿಟ್ಟಿನ ಪುಟ್ಟ ಪ್ಲಾಸ್ಟಿಕ್ ಕಾರಿಗೆ ಎಡಗನ್ನಡಿ ಅಂಟಿಸಿ ತಿರುಗುವಷ್ಟರಲ್ಲಿ ಬಲಗನ್ನಡಿ ಮಾಯ. ಅಕ್ಕಿಕಾಳಿನಷ್ಟಿತ್ತು. ಮೇಜಿನ ಕೆಳಗೆ ಮಗಳು ಏನನ್ನೋ ಚಪ್ಪರಿಸುತ್ತಿದ್ದಳು. ಜೀವ ಬಾಯಿಗೆ ಬಂತು. ಬೆರಳು ಹಾಕಿ ತೆಗೆದರೆ ಬಿಸ್ಕತ್ತಿನ ಚೂರು. ಆದರೂ ನಂಬಿಕೆ ಬರಲಿಲ್ಲ; ಮನೆಯೆಲ್ಲ ಹುಡುಕಿದರೂ ಕನ್ನಡಿ ಸಿಗಲಿಲ್ಲ, ಮೊದಲೇ ನುಂಗಿದ್ದರೆ? ಆಸ್ಪತ್ರೆಗೆಂದು ಚಪ್ಪಲಿ ಮೆಟ್ಟುವಾಗ ಅತ್ತೆ ನನ್ನ ಮೊಣಕೈ ಹಿಡಿದರು.

"ಮನೆಯೆಲ್ಲಾ ಹುಡುಕಿದ್ಯಲ್ಲೇ, ಇಲ್ಲೇ ಅಂಟಿಸ್ಕೊಂಡಿದ್ದೀಯ ನೋಡು. ಹಿಂದೆ ಬರೋ ಗಾಡಿ ನೋಡ್ಕೊಳ್ಳೋಕಾ?"

ನಗು ಬರಲಿಲ್ಲ, ಚಪ್ಪಲಿ ಕಳಚಿಟ್ಟೆ. ಕನ್ನಡಿಯನ್ನು ಬಾಗಿಲಿಗೇ ಸೇರಿಸಿ ಅಚ್ಚು ಹಾಕಿದ್ದರೆ ಕಿಟ್ ಮಾಡುವವರ ಗಂಟೇನು ಹೋಗುತ್ತಿತ್ತು? ಅವರ ಮನೆಯಲ್ಲಿ ತೆವಳುವ ಮಕ್ಕಳಿಲ್ಲವೇ?

ಆದರೆ ಕಾರು ಕಟ್ಟುವುದನ್ನು ನಾನು ಬಿಡುವುದಿಲ್ಲ. ಇನ್ನು ಮೇಲೆ ಮಗಳು ಮಲಗಿದ ಮೇಲೆಯೇ ಡಬ್ಬಿ ತೆರೆಯುವುದು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು. ಈಗ ಮಲಗಿದ್ದಾಳೆ. ನನಗೆ ಹೇಗೂ ನಿದ್ದೆಯಿಲ್ಲ. ಆ ಬಲಗನ್ನಡಿಯೊಂದನ್ನು ಅಂಟಿಸಿಬಿಡುತ್ತೇನೆ.